ಸಬ್‌ವೂಫರ್ ಮಾರಿದ ಮೇಲೆ ಗಿಟಾರ್ ಕೇಳಿಸಿತು

ಆಲ್ದೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಬೆಳಿಗ್ಗೆ ಏಳೂವರೆಗೆ ಚೆಕ್‌ರೋಲ್ (ಹಾಜರಿ ಪುಸ್ತಕ) ಹಿಡಿದು ಹೊರಟರೆ ಸಂಜೆ ಐದೂವರೆಗೆ ಕ್ವಾರ್ಟರ್ಸ್ ಸೇರುತ್ತೇನೆ. ಆಮೇಲೆ ಗಿಟಾರ್. ಮೊದಲೆಲ್ಲ ಚಿಕ್ಕಮಗಳೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಣೇಶನ ಸೀಸನ್ನಿಗೆ ನುಡಿಸುತ್ತಿದ್ದೆ. ಈಗ ಜೊತೆಗೆ ನುಡಿಸುವವರು ಯಾರೂ ಹತ್ತಿರದಲ್ಲಿಲ್ಲ. ಡ್ರಮ್ಸು, ಬೇಸು, ಕೀಬೋರ್ಡು ಎಲ್ಲವೂ ಲ್ಯಾಪ್‌ಟಾಪಿನ ಬ್ಯಾಕಿಂಗ್ ಟ್ರ್ಯಾಕೇ.

ಗಿಟಾರನ್ನೂ ಟ್ರ್ಯಾಕನ್ನೂ ಒಟ್ಟಿಗೆ ಕಂಪ್ಯೂಟರ್ ಸ್ಪೀಕರಲ್ಲೇ ಕೇಳುತ್ತೇನೆ ಅಂದಾಗ ಆರ್ಕೆಸ್ಟ್ರಾದ ಕೀಬೋರ್ಡ್ ಗೆಳೆಯ ನಕ್ಕಿದ್ದ. "ಮಾರಾಯ, ಅದರಲ್ಲಿ ಸಿನಿಮಾ ನೋಡು. ಗಿಟಾರಿಗೆ ಒಂದು ಆಂಪ್ ತಗೋ." ಅದಾಗಿ ಎರಡು ವರ್ಷ. ಈಗ ನನ್ನ ಹತ್ತಿರ ಆಂಪೇ (ಗಿಟಾರಿನ ಆಂಪ್ಲಿಫೈಯರ್ ಡಬ್ಬ) ಇಲ್ಲ, ಮಾರಿಬಿಟ್ಟೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಿಟಾರನ್ನು ಲ್ಯಾಪ್‌ಟಾಪಿಗೆ ಸೇರಿಸುವ ಇಂಟರ್‌ಫೇಸ್, ಆಂಪಿನ ಸದ್ದನ್ನು ಸಾಫ್ಟ್‌ವೇರಿನಲ್ಲೇ ಮಾಡುವ ಆಂಪ್ ಸಿಮ್ ಇವೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ, ಅದಕ್ಕೆ ಕೈ ಹಾಕುವುದಿಲ್ಲ.

ಮೊದಲು ದುಡ್ಡು ಕಳೆದದ್ದು ಒಂದು 2.1 ಸೆಟ್ಟಿಗೆ, ಅಂದರೆ ಎರಡು ಪುಟ್ಟ ಸ್ಪೀಕರು, ಜೊತೆಗೆ ಕೆಳಗಿನ ಸ್ವರಕ್ಕೆಂದೇ ಒಂದು ಸಬ್‌ವೂಫರ್ ಡಬ್ಬ. 2,800 ರೂಪಾಯಿ ಅಂತ ನೆನಪು. ಡಬ್ಬದ ಮೇಲೆ ಸಾವಿರಗಟ್ಟಲೆ ವಾಟ್ ಪಿಎಂಪಿಒ (ಜಾಹೀರಾತಿಗೆ ಉಬ್ಬಿಸಿದ ಲೆಕ್ಕ) ಅಂತ ದಪ್ಪ ಅಕ್ಷರ. ಮನೆಗೆ ತಂದು ಹಿಂದೆ ತಿರುಗಿಸಿ ನೋಡಿದರೆ ಅದು ಕರೆಂಟ್ ಎಳೆಯುವುದೇ 40 ವಾಟ್. ಎಳೆದಿದ್ದಕ್ಕಿಂತ ಜಾಸ್ತಿ ಎಲ್ಲಿಂದ ಕೊಡುತ್ತೆ? ಆರ್‌ಎಂಎಸ್ (ಎಡೆಬಿಡದೆ ನಿಜಕ್ಕೂ ಕೊಡುವ ವಾಟ್) ಎಷ್ಟು ಅಂತ ಬರೆಯದ ಡಬ್ಬವನ್ನು ಆಮೇಲೆ ನಾನು ಮುಟ್ಟಿಲ್ಲ.

ವಾಟ್ ವಿಷಯ ಹಾಗಿರಲಿ. ಹಾಡು ಹಾಕಿದರೆ ಅದು ಚೆನ್ನಾಗಿಯೇ ಇತ್ತು. ಗಿಟಾರ್ ಹಾಕಿದ ದಿನ ಬಣ್ಣ ಬಯಲಾಯಿತು. ಸಣ್ಣ ಸ್ಟ್ರಿಂಗಿನಿಂದ ಸುಮ್ನೆ ಒಂದು ಸ್ಕೇಲ್ ಇಳಿಸುತ್ತಾ ಬಂದೆ. ಜಿ ಸ್ಟ್ರಿಂಗ್ ತನಕ ಸ್ವರ ಮೇಜಿನ ಮೇಲೆ, ಕಣ್ಣೆದುರಿಗೇ ಇತ್ತು. ಡಿ ಸ್ಟ್ರಿಂಗಿಗೆ ಬಂದಾಗ ಸೊರಗಿತು. ಎ ಸ್ಟ್ರಿಂಗ್ ಮೀಟಿದರೆ ಸ್ವರ ಕಾಲ ಬುಡದಲ್ಲಿ! ಮೇಜಿನ ಕೆಳಗಿಟ್ಟ ಡಬ್ಬದೊಳಗಿಂದ ದುಂಯ್ ಅಂತ ಬರುತ್ತಿತ್ತು. ಒಂದೇ ಗಿಟಾರು, ಅರ್ಧ ಮೇಜಿನ ಮೇಲೆ, ಅರ್ಧ ನೆಲದ ಮೇಲೆ. ಓಪನ್ ಜಿ, ಅಂದರೆ ಫ್ರೆಟ್ ಒತ್ತದೆ ಮೀಟಿದ ಜಿ, 196 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ, ಕಡಿಮೆಯಾದಷ್ಟೂ ಸ್ವರ ಕೆಳಗೆ), ಡಿ 147, ಎ 110, ದಪ್ಪ ಇ 82. ಎರಡೂವರೆ ಇಂಚಿನ ಪುಟಾಣಿ ಸ್ಪೀಕರ್ 200ರ ಕೆಳಗೆ ಎಲ್ಲೋ ಕೈ ಬಿಡುತ್ತೆ. ಅಲ್ಲಿಂದ ಕೆಳಗಿನದ್ದೆಲ್ಲ ಸಬ್‌ವೂಫರಿನ ಪಾಲು. ಟ್ರ್ಯಾಕಿನ ಬೇಸ್ ಗಿಟಾರೂ ಅದೇ ಡಬ್ಬದಲ್ಲಿ. ನನ್ನ ಪವರ್ ಕಾರ್ಡು (ಎರಡು ಸ್ವರ ಒಟ್ಟಿಗೆ ಮೀಟುವುದು) ಯಾವುದು, ಬೇಸು ಯಾವುದು ಅಂತ ನನಗೇ ತಿಳಿಯುತ್ತಿರಲಿಲ್ಲ. ಆರು ತಿಂಗಳು ಇದು ನನ್ನ ಕೈಯ ತಪ್ಪು ಅಂದುಕೊಂಡೇ ಸಾಧನೆ ಮಾಡಿದೆ.

ಆಮೇಲೆ ಗೆಳೆಯನ ಮಾತು ಕೇಳಿ ಆಂಪ್ ತಂದೆ. ಎಂಟು ಇಂಚಿನ ಸ್ಪೀಕರಿನ, ಹೊರಗಿನ ಹಾಡು ಹಾಕಲು ಆಕ್ಸ್ ಇನ್ ತೂತು ಇರುವ ಪ್ರಾಕ್ಟೀಸ್ ಆಂಪ್. 7,500 ಕೊಟ್ಟೆ, ವರ್ಷದೊಳಗೆ 5,000ಕ್ಕೆ ಮಾರಿದೆ. ಗಿಟಾರ್ ಚೆನ್ನಾಗಿ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಗಿಟಾರ್ ಸ್ಪೀಕರು 5,000 ಹರ್ಟ್ಸ್ ಆಸುಪಾಸಿನಲ್ಲಿ ಬಾಗಿಲು ಹಾಕಿಕೊಳ್ಳುತ್ತೆ. ಟ್ರ್ಯಾಕು ಹಾಕಿದರೆ ಸಿಂಬಲ್ ಇಲ್ಲ, ತಾಳ ಹಿಡಿಯುವ ಜೋಡಿ ಸಿಂಬಲ್ ಹೈ ಹ್ಯಾಟೂ ಇಲ್ಲ. ಕಂಬಳಿ ಹೊದ್ದು ಡ್ರಮ್ಸ್ ಬಾರಿಸಿದ ಹಾಗೆ. ಹೈ ಹ್ಯಾಟ್ ಕೇಳದೆ ಲಯ ಹಿಡಿಯುವುದು ಹೇಗೆ ಹೇಳಿ? ಜೊತೆಗೆ ಅದು ಮೋನೋ, ಎಡ ಬಲ ಇಲ್ಲ. ಎರಡು ಕಡೆ ಹರಡಿಕೊಂಡಿರಬೇಕಾದ ಬ್ಯಾಂಡು ಒಂದು ತೂತಿನಿಂದ ಬರುತ್ತಿತ್ತು.

ನಡುವೆ ಮನೆಯವಳು ಹಾಡು ಕೇಳಲು ತರಿಸಿದ್ದ ಬ್ಲೂಟೂತ್ ಸ್ಪೀಕರನ್ನೂ ಬಿಡಲಿಲ್ಲ. ಗಿಟಾರ್ ಮೀಟಿದ ಎಷ್ಟೋ ಹೊತ್ತಿಗೆ ಸದ್ದು. ನನ್ನ ಅಂದಾಜಿಗೆ 200 ಮಿಲಿಸೆಕೆಂಡ್ ಹತ್ತಿರ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಅರ್ಧ ಬೀಟ್ ಅಂದರೆ 250, ಹೆಚ್ಚುಕಡಿಮೆ ಅಷ್ಟೂ ಹಿಂದೆ ಬಿದ್ದ ಹಾಗಾಯಿತು. ಟ್ರ್ಯಾಕು ಮಾತ್ರ ಬ್ಲೂಟೂತಿನಲ್ಲಿ ಹಾಕಿ, ಗಿಟಾರನ್ನು ವೈರಿನಲ್ಲಿ ಕೇಳಿದರೆ ಏನೂ ತೊಂದರೆ ಇಲ್ಲ. ತಡವಾಗಿ ಬಂದ ಟ್ರ್ಯಾಕಿಗೇ ನಾವು ಹೊಂದಿಕೊಂಡು ನುಡಿಸುತ್ತೇವೆ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಮಾಡಿ ನೋಡಿ.

ಈಗ ಗೆದ್ದ ಕತೆ. ಮೂರನೇ ಸಲ ದುಡ್ಡು ಕಳೆಯುವ ಮುಂಚೆ ಒಂದು ಫೈಲ್ ಮಾಡಿಕೊಂಡೆ. ದಪ್ಪ ಸ್ಟ್ರಿಂಗಿನ ಓಪನ್ ಇ ಇಂದ ಹಿಡಿದು ಸಣ್ಣ ಸ್ಟ್ರಿಂಗಿನ ಹನ್ನೆರಡನೇ ಫ್ರೆಟ್ ತನಕ ಒಂದೊಂದೇ ಸ್ವರ, ಒಂದೇ ಬಲದಲ್ಲಿ. ಕ್ಲೀನ್ ಟೋನು, ಗಿಟಾರ್ ಸ್ಪೀಕರಿನ ಗುಣವನ್ನು ಅನುಕರಿಸುವ ಕ್ಯಾಬಿನೆಟ್ ಐಆರ್ ಫೈಲ್ ಆನ್, ರಿವರ್ಬ್ (ಪ್ರತಿಧ್ವನಿ) ಆಫ್. ಮತ್ತೆ ಅದೇ ಸ್ಕೇಲು ಸ್ವಲ್ಪ ಡ್ರೈವ್ (ಒರಟು ಸದ್ದು) ಹಾಕಿ. ಆಮೇಲೆ ಎ ಮೈನರ್ ಸ್ಲೋ ಬ್ಲೂಸ್ ಟ್ರ್ಯಾಕು ಒಂದು ನಿಮಿಷ, ಕೊನೆಗೆ ಎರಡೂ ಒಟ್ಟಿಗೆ. ಎಲ್ಲ ಸೇರಿ ನಾಲ್ಕು ನಿಮಿಷ ಇರಬಹುದು. ಅದನ್ನು ಮೊಬೈಲಿಗೂ ಪೆನ್‌ಡ್ರೈವಿಗೂ ಹಾಕಿಕೊಂಡು ಅಂಗಡಿ ಸುತ್ತಿದೆ. ಚಿಕ್ಕಮಗಳೂರಿನ ಎಂ.ಜಿ. ರೋಡು, ಹಾಸನದ ಬಿ.ಎಂ. ರೋಡು, ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡು. ಎಲ್ಲ ಅಂಗಡಿಯಲ್ಲೂ ಮೊದಲು ದಂ ದಂ ಅನ್ನುವ ಹಾಡು ಹಾಕಿ "ಹೆಂಗೆ ಸಾರ್ ಬೇಸು?" ಅನ್ನುತ್ತಾರೆ. ನನ್ನ ಟಿಂಗ್ ಟಿಂಗ್ ಫೈಲ್ ಹಾಕಿದರೆ ಮುಖ ನೋಡುತ್ತಾರೆ. ಹಾಸನದಲ್ಲಿ ಒಬ್ಬರು, "ಅಣ್ಣಾ, ಹಾಡು ಯಾವಾಗ ಶುರುವಾಗುತ್ತೆ?" ಅಂತ ಕೇಳಿದರು.

ನಗಲಿ. ಹನ್ನೊಂದೋ ಹನ್ನೆರಡೋ ಜೊತೆ ಕೇಳಿದೆ. ಸಬ್‌ವೂಫರ್ ಇರುವುದೆಲ್ಲ ಸ್ಕೇಲಿನ ಅರ್ಧದಲ್ಲೇ ಸಿಕ್ಕಿಬಿತ್ತು, ಸ್ವರ ಸೀದಾ ನೆಲಕ್ಕೆ. ಎರಡು ಇಂಚಿನ ಯುಎಸ್‌ಬಿ ಸ್ಪೀಕರುಗಳಲ್ಲಿ ದಪ್ಪ ಸ್ಟ್ರಿಂಗೇ ಇಲ್ಲ. ನಿಂತದ್ದು ನಾಲ್ಕು ಇಂಚಿನ, ಮೇಲಿನ ಸ್ವರಕ್ಕೆ ಟ್ವೀಟರ್ ಇರುವ, ಸಬ್ ಇಲ್ಲದ ಜೋಡಿಗಳು ಮಾತ್ರ. ಬೇಸ್ ಗಿಟಾರಿನ ಕೆಳಗಿನ ಇ 41 ಹರ್ಟ್ಸ್, ನಾಲ್ಕು ಇಂಚು ಅಲ್ಲಿಗೆ ಇಳಿಯುವುದಿಲ್ಲ ಅಂತ ನೀವು ಹೇಳಬಹುದು. ಇಳಿಯುವುದಿಲ್ಲ, ನಿಜ. ಆದರೆ ಆ ಸ್ವರದ ಜೊತೆಗೇ 82, 123ರ ಹಾರ್ಮೋನಿಕ್ಸ್ (ಎರಡರಷ್ಟು, ಮೂರರಷ್ಟು ಕಂಪನದ ಸ್ವರ) ಇರುತ್ತವಲ್ಲ, ಅವು ಬಂದರೆ ಸಾಕು. ಉಳಿದದ್ದನ್ನು ಕಿವಿಯೇ ತುಂಬಿಕೊಳ್ಳುತ್ತೆ. ಜೊತೆಗೆ ನುಡಿಸಲು ಬೇಕಾದದ್ದು ಬೇಸಿನ ದಾರಿ, ಎದೆ ನಡುಕ ಅಲ್ಲ.

ಕೊನೆಗೆ ತೆಗೆದುಕೊಂಡದ್ದು ಎಡಿಫೈಯರ್ ಆರ್ 1280 ಟಿ. 42 ವಾಟ್ ಆರ್‌ಎಂಎಸ್, ನಾಲ್ಕು ಇಂಚು, ಬೇಸ್ ಪೋರ್ಟ್ (ಗಾಳಿ ಹೊರಬರುವ ತೂತು) ಮುಂದುಗಡೆ. ಹೊಸದಕ್ಕೆ ಮನಸ್ಸಾಗಲಿಲ್ಲ. ಬೆಂಗಳೂರಿನಲ್ಲಿ ರೂಮು ಖಾಲಿ ಮಾಡುತ್ತಿದ್ದ ಒಬ್ಬ ಹುಡುಗನಿಂದ 6,200ಕ್ಕೆ ಕೊಂಡೆ, ಅದೂ ಫೈಲ್ ಹಾಕಿ ಕೇಳಿದ ಮೇಲೆ. ಕುಯ್ಲಿನ ಬೋನಸ್ಸು ಅಲ್ಲಿಗೆ ಮುಗಿಯಿತು. ಐದು ಕೆಜಿ ಡಬ್ಬವನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಬಂದೆ.

ಮನೆಗೆ ಬಂದ ದಿನ ಮತ್ತೆ ಬೇಜಾರು. ಗೋಡೆಗೆ ಒತ್ತಿ ಮೇಜಿನ ಮೇಲಿಟ್ಟರೆ ಓಪನ್ ಎ ಮಾತ್ರ ಗುಂಯ್ ಅಂತ ಎದ್ದು ಬರುತ್ತಿತ್ತು, ಪಕ್ಕದ ಸ್ವರಗಳು ಮಂಕು. ಟ್ವೀಟರ್ ನನ್ನ ಹೊಟ್ಟೆಗೆ ಮಾತಾಡುತ್ತಿತ್ತು. ಎರಡೆರಡು ಇಟ್ಟಿಗೆ ಇಟ್ಟು ಎತ್ತರಿಸಿದೆ. ಇಟ್ಟಿಗೆಗೂ ಸ್ಪೀಕರಿಗೂ ನಡುವೆ ಬೈಕಿನ ಹಳೇ ಟ್ಯೂಬು ಕತ್ತರಿಸಿ ಹಾಸಿದೆ. ಮೇಜನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದೆ. ಎ ಸ್ವರ ಅರ್ಧಕ್ಕರ್ಧ ಇಳಿಯಿತು. ಇನ್ನರ್ಧಕ್ಕೆ ಮೂಲೆಯಲ್ಲಿ ಕಾಫಿ ಹೊಟ್ಟು ತುಂಬಿದ ಗೋಣಿಚೀಲ ನಿಲ್ಲಿಸುವ ಬುದ್ಧಿ ಬಂತು. ಸದ್ದು ನಿಜವಾಗಿ ಸುಧಾರಿಸಿತ್ತು! ಆದರೆ ಜೂನ್ ಮಳೆ ಹಿಡಿದ ಎರಡೇ ವಾರಕ್ಕೆ ಹೊಟ್ಟು ಮುಗ್ಗಲು ಹಿಡಿಯಿತು, ಇಲಿ ಸಂಸಾರ ಹೂಡಿತು. ಮನೆಯವಳು ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಈಗ ಅಲ್ಲಿ ಎರಡು ಹಳೇ ಕಂಬಳಿ ನಾಲ್ಕು ಮಡಿಕೆ ಮಾಡಿ ನೇತುಹಾಕಿದ್ದೇನೆ. ಹೊಟ್ಟಿನಷ್ಟು ಇಲ್ಲ, ಆದರೂ ನಡೆಯುತ್ತೆ.

ಹಮ್, ಅಂದರೆ ಕರೆಂಟಿನ ಗೊಂಯ್ ಸದ್ದಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಸ್ಟ್ರಿಂಗ್ ಮುಟ್ಟಿದರೆ ಸದ್ದು ಕಡಿಮೆ, ಕೈ ತೆಗೆದರೆ ಗೊಂಯ್. ಚಾರ್ಜರ್ ಕಿತ್ತರೆ ಪೂರ್ತಿ ನಿಶ್ಶಬ್ದ. ಸ್ಪೀಕರಿನದೇ ದೋಷ ಅಂತ ಎರಡು ಕೇಬಲ್ ಬದಲಾಯಿಸಿ 450 ರೂಪಾಯಿ ಕಳೆದೆ. ಕೊನೆಗೆ ಸಾಕೆಟ್ ಬಿಚ್ಚಿದರೆ ಮೂರನೇ ತೂತಿಗೆ, ಅಂದರೆ ಅರ್ಥಿಗೆ, ವೈರೇ ಇಲ್ಲ! ಒಬ್ಬರು ಚಾರ್ಜರಿನ ಅರ್ಥ್ ಪಿನ್ನೇ ಕತ್ತರಿಸು ಅಂದರು. ಕೈಯಲ್ಲಿ ಲೋಹದ ಸ್ಟ್ರಿಂಗ್ ಹಿಡಿದು ಕೂರುವವನಿಗೆ ಹೇಳುವ ಮಾತಾ ಅದು? ಎಲೆಕ್ಟ್ರಿಷಿಯನ್ ಕರೆದು ಹಿತ್ತಲಲ್ಲಿ ಜಿಐ ಪೈಪು, ಇದ್ದಿಲು, ಉಪ್ಪು ಹಾಕಿಸಿ ಅರ್ಥ್ ಮಾಡಿಸಿದೆ. ಎಲ್ಲ ಸೇರಿ 1,800 ಆಯಿತೇನೋ. ಮಳೆಗಾಲದಲ್ಲಿ ಹಮ್ ಸುಳಿವೇ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ನೆಲ ಒಣಗಿದಾಗ ಮೆಲ್ಲಗೆ ತಲೆ ಎತ್ತುತ್ತೆ. ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕ ವಾರಕ್ಕೆರಡು ಸಲ ಪೈಪಿನ ಬುಡಕ್ಕೆ ಒಂದು ಬಕೆಟ್ ನೀರು ಹುಯ್ಯುತ್ತೇನೆ. ಕಾಫಿ ಗಿಡಕ್ಕೂ ನನ್ನ ಗಿಟಾರಿಗೂ ಒಂದೇ ಮಳೆ ಬೇಕು.

ಲೇಟೆನ್ಸಿಗೆ (ಮೀಟಿದ ಮೇಲೆ ಸದ್ದು ಬರುವ ತಡಕ್ಕೆ) ಎರಡೇ ಮಾತು. ಆಸಿಯೋ ಡ್ರೈವರ್ (ತಡ ಕಡಿಮೆ ಮಾಡುವ ಸಾಫ್ಟ್‌ವೇರ್), ಬಫರ್ 128 ಸ್ಯಾಂಪಲ್. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಹೋಗಿ ಬರಲು 12 ಮಿಲಿಸೆಕೆಂಡ್ ತೋರಿಸುತ್ತೆ. ಸದ್ದು ಒಂದು ಮೀಟರ್ ದಾಟಲು 3 ಮಿಲಿಸೆಕೆಂಡ್ ಬೇಕು. ಸ್ಟೇಜಿನಲ್ಲಿ ಆಂಪಿನಿಂದ ನಾಲ್ಕು ಮೀಟರ್ ದೂರ ನಿಂತು ನುಡಿಸುವಾಗ ಯಾರಾದರೂ ದೂರಿದ್ದೀರಾ?

ಡ್ರೈವ್ ಹಾಕಿದಾಗ ಬೆಂಕಿಪೊಟ್ಟಣದೊಳಗಿನ ಜೀರುಂಡೆ ಹಾಗೆ ಕೇಳಿದರೆ ಸ್ಪೀಕರನ್ನು ಬೈಯಬೇಡಿ, ಐಆರ್ ಆಫ್ ಆಗಿದೆ. ನಾನು ಯಾವ ಐಆರ್ ಹಾಕುತ್ತೇನೆ ಅನ್ನೋದು ಮಾತ್ರ ಕೇಳಬೇಡಿ. ಇನ್ನೊಂದು ಸುಳಿವು ಕೊಡುತ್ತೇನೆ: ಟ್ರ್ಯಾಕಿನ ಈಕ್ಯೂನಲ್ಲಿ (ಹರ್ಟ್ಸ್ ಪ್ರಕಾರ ಸದ್ದು ಏರಿಸಿ ಇಳಿಸುವಲ್ಲಿ) ಒಂದು ಜಾಗದಲ್ಲಿ ಸ್ವಲ್ಪ ತಗ್ಗು ತೋಡಿ, ಗಿಟಾರನ್ನು ನಡುವಿನಿಂದ ಚೂರು ಎಡಕ್ಕೆ ಸರಿಸಿ. ಎಲ್ಲಿ, ಎಷ್ಟು ಅಂತ ನಿಮ್ಮ ಕಿವಿಯೇ ಹುಡುಕಲಿ. ನನಗೆ ನಾಲ್ಕು ತಿಂಗಳು ಹಿಡಿಯಿತು.

ಹಳೇ 2.1 ಸೆಟ್ಟು 800ಕ್ಕೆ ಹೋಯಿತು, ತೋಟದ ಕೂಲಿ ಲೈನಿನ ಹುಡುಗರು ಟಿವಿಗೆ ಹಾಕಿಕೊಂಡಿದ್ದಾರೆ. ಅವರಿಗೆ ಅದು ಬಹಳ ಇಷ್ಟ. ಹೋದ ತಿಂಗಳು ಕೀಬೋರ್ಡ್ ಗೆಳೆಯ ಮನೆಗೆ ಬಂದಿದ್ದ. ಅರ್ಧ ಗಂಟೆ ಸುಮ್ಮನೆ ಕೂತು ಕೇಳಿದ. ಟ್ರ್ಯಾಕು ಮುಗಿದ ಮೇಲೆ ಎದ್ದು ಮೇಜಿನ ಕೆಳಗೆ ಬಗ್ಗಿ ನೋಡಿದ. "ಸಬ್ ಎಲ್ಲಿಟ್ಟಿದ್ದೀಯೋ?"