ಟೀಚರ್‌ಗಳಿಗೆ ಹುರುಪು ಎಲ್ಲಿಂದ ಬರುತ್ತೆ? ಹೆಡ್‌ಮಾಸ್ಟರ್ ಆಗಿ ನಾನು ಕಂಡಿದ್ದು

ಹೆಡ್‌ಮಾಸ್ಟರ್ ಆದಾಗ ತುಂಬಾ ಜನ ಹೇಳಿದ್ದು ಒಂದೇ ಮಾತು, ಚೆನ್ನಾಗಿ ಪಾಠ ಮಾಡೋರಿಗೆ ಬಹುಮಾನ ಕೊಡಿ ಸಾರ್, ಉಳಿದೋರು ತಾವಾಗೇ ದಾರಿಗೆ ಬರ್ತಾರೆ ಅಂತ. ನನಗ್ಯಾಕೋ ಒಪ್ಪಿಗೆ ಆಗ್ಲಿಲ್ಲ. ಹುರುಪು ಕಳ್ಕೊಂಡಿದ್ದ ಟೀಚರ್‌ಗಳು ಸೋಮಾರಿಗಳೇನೂ ಆಗಿರ್ಲಿಲ್ಲ, ಸಂಜೆವರೆಗೂ ಏನಾದ್ರೂ ಬರೀತಾನೇ ಕೂತಿರ್ತಿದ್ರು, ಆದ್ರೆ ಬರೀತಿದ್ದಿದ್ದು ಮಕ್ಕಳ ನೋಟ್‌ಬುಕ್ ತಿದ್ದೋದಕ್ಕಲ್ಲ, ರಿಜಿಸ್ಟರ್ ತುಂಬೋದಕ್ಕೆ.

ಅದಕ್ಕೇ ಮೊದಲು ಅದಕ್ಕೆ ಕೈ ಹಾಕಿದೆ. ಒಂದೇ ಮಾಹಿತಿನ ಬೇರೆ ಬೇರೆ ಕಡೆ ಬರೆಸೋದು ನಿಲ್ಸಿದ್ವಿ. ಸ್ಟಾಫ್ ಮೀಟಿಂಗ್‌ನಲ್ಲಿ ಸರ್ಕ್ಯುಲರ್ ಓದೋದೂ ಬಿಟ್ವಿ, ಬೋರ್ಡಿಗೆ ಅಂಟಿಸಿದ್ರೆ ಓದ್ಕೊಳ್ಳೋಕೆ ಎಲ್ರಿಗೂ ಬರುತ್ತಲ್ಲ! ಬದಲಿಗೆ ಸರದಿ ಪ್ರಕಾರ ಒಬ್ಬರು ತಮ್ಮ ಕ್ಲಾಸಿನ ನೋಟ್‌ಬುಕ್ ತಂದು ಮೇಜಿನ ಮೇಲೆ ಇಡೋದು.

ಗಣಿತದ ಮೇಡಂ ಒಬ್ರು ತಂದಿದ್ದು ನನಗೆ ಚೆನ್ನಾಗಿ ನೆನಪಿದೆ. "ಈ ಕ್ಲಾಸಿಗೆ ಭಿನ್ನರಾಶಿ ತಲೆಗೇ ಹತ್ತಲ್ಲ ಸಾರ್" ಅಂತ ಬೇಜಾರಲ್ಲೇ ತಂದಿಟ್ರು. ನೋಡಿದ್ರೆ ಸುಮಾರು ಎಲ್ಲರೂ 1/2 + 1/3 = 2/5 ಅಂತ ಬರ್ದಿದ್ದಾರೆ, ಮೇಲಿಂದು ಮೇಲಕ್ಕೆ ಕೆಳಗಿಂದು ಕೆಳಕ್ಕೆ ಕೂಡಿಸಿಬಿಟ್ಟಿದ್ದಾರೆ. ಭಾಷೆ ಪಾಠ ಮಾಡೋ ಮೇಷ್ಟ್ರು ಅದನ್ನ ನೋಡಿ "ಅಲ್ಲ ಮೇಡಂ, 2/5 ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ, ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಕಮ್ಮಿ ಹೇಗಾಗುತ್ತೆ?" ಅಂದ್ರು. ಮಾರನೇ ದಿನ ಮೇಡಂ ಮಕ್ಕಳಿಗೆ ಕಾಗದದ ಪಟ್ಟಿ ಮಡಿಸೋಕೆ ಹೇಳಿ ಅದೇ ಪ್ರಶ್ನೆ ಕೇಳಿದ್ರಂತೆ, ಕ್ಲಾಸಲ್ಲಿ ಜಗಳಾನೇ ಆಯ್ತಂತೆ. ಆಮೇಲೆ ಯಾರೂ ಕರೀದೇ ನನ್ನ ರೂಮಿಗೆ ಬಂದು ನೋಟ್‌ಬುಕ್ ತೋರಿಸಿ ಹೋದ್ರು. ಹುರುಪಿದ್ರೆ ಪಾಠ ಚೆನ್ನಾಗಾಗುತ್ತೆ ಅಂತಾರೆ, ಸರಿ, ಆದ್ರೆ ನಾನು ಜಾಸ್ತಿ ನೋಡಿದ್ದು ಉಲ್ಟಾ: ಒಂದು ಪಾಠ ಮಕ್ಕಳಿಗೆ ಹತ್ತಿದ್ದು ಕಣ್ಣಾರೆ ಕಂಡ್ಮೇಲೆ ಬರೋ ಹುರುಪು.

ಹಾಗಂತ ದುಡ್ಡು ಮುಖ್ಯ ಅಲ್ಲ ಅಂತ ನಾನು ಹೇಳಲ್ಲ. ಸಂಬಳ ತಿಂಗಳುಗಟ್ಟಲೆ ಬರದೇ ಇರೋರಿಗೆ ಇದೆಲ್ಲಾ ಬರೀ ಉಪದೇಶ. ಆದ್ರೆ ಇಂಡೋನೇಷ್ಯಾದಲ್ಲಿ ಸರ್ಟಿಫಿಕೇಟ್ ಪಡೆದ ಟೀಚರ್‌ಗಳ ಮೂಲ ವೇತನಾನೇ ಡಬಲ್ ಮಾಡಿದ್ರು, 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಟೀಚರ್‌ಗಳ ನೆಮ್ಮದಿ ಹೆಚ್ಚಾಯ್ತು, ಸಂಪಾದನೆಗೆ ಅಂತ ಹೊರಗೆ ಇನ್ನೊಂದು ಕೆಲಸ ಮಾಡೋದೂ ಕಮ್ಮಿ ಆಯ್ತು, ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು. ಅದೇ ಆಂಧ್ರದ ಹಳ್ಳಿ ಶಾಲೆಗಳಲ್ಲಿ ಮಕ್ಕಳ ಅಂಕ ಎಷ್ಟು ಏರುತ್ತೋ ಅದಕ್ಕೆ ತಕ್ಕ ಹಾಗೆ ಬೋನಸ್ ಕೊಟ್ಟಾಗ ಅಂಕ ಏರಿದ್ದೂ ಇದೆ. ಒಂದೇ ಸೂತ್ರ ಎಲ್ಲಾ ಕಡೆ ನಡೆಯಲ್ಲ.

ಇನ್ನೊಂದು, ಕ್ಲಾಸಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತ್ರೆ ಆಚೆ ಬಂದು "ಚೆನ್ನಾಗಿತ್ತು" ಅಂತ ಹೇಳೋದು ಬಿಟ್ಟಿದ್ದೀನಿ, ಅದು ಯಾರಿಗೂ ಉಪಯೋಗಕ್ಕೆ ಬರಲ್ಲ. "ಆ ಹುಡುಗಿ ತಪ್ಪು ಉತ್ತರ ಹೇಳಿದಾಗ ಹೇಗೆ ಬಂತು ಅಂತ ಕೇಳಿದ್ರಲ್ಲ, ಅದು" ಅಂತ ನಿರ್ದಿಷ್ಟವಾಗಿ ಹೇಳ್ತೀನಿ. ಒಬ್ಬರಿಗಂತೂ ಇದ್ಯಾವುದೂ ನಾಟಲೇ ಇಲ್ಲ, ಇರ್ಲಿ.

ಸೀನಿಯರ್ ಸೈನ್ಸ್ ಮೇಷ್ಟ್ರು ಮಾತ್ರ "ನನ್ನನ್ನ ನನ್ನ ಪಾಡಿಗೆ ಬಿಡಿ ಸಾರ್" ಅಂದ್ರು. ಲ್ಯಾಬ್ ಕೀ ಕೊಟ್ಟು, ಪಾಠಗಳ ಕ್ರಮಾನೂ ನೀವೇ ನೋಡ್ಕೊಳ್ಳಿ ಅಂದೆ. ಅವರ ಲೆಸನ್ ಪ್ಲಾನ್ ಈಗ್ಲೂ ತಡವಾಗೇ ಬರುತ್ತೆ, ಆದ್ರೆ ಲ್ಯಾಬಲ್ಲಿ ಮಕ್ಕಳು ಇಲ್ಲದ ದಿನ ಕಮ್ಮಿ, ಅದಕ್ಕೇ ನಾನೂ ಕೇಳೋಕೆ ಹೋಗಲ್ಲ.