ಮಾಜಾ ಹೋದ, ನಾನು ಉಳಿದೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಷ್ಟೋ ವರ್ಷ ನಾನು ಹೆಸರಿಗೆ ಮಾತ್ರ ಫುಟ್‌ಬಾಲ್ ಅಭಿಮಾನಿಯಾಗಿದ್ದೆ. ಯಾವ ಆಟಗಾರ ಇಷ್ಟವೋ ಅವನ ಕ್ಲಬ್ಬೇ ನನ್ನ ಕ್ಲಬ್. ಅವನು ಬೇರೆ ಕಡೆ ಹೊರಟರೆ ನಾನೂ ಗಂಟುಮೂಟೆ ಕಟ್ಟುತ್ತಿದ್ದೆ. ಬೀರುವಿನಲ್ಲಿ ಮೂರು ಕ್ಲಬ್‌ಗಳ ಜೆರ್ಸಿ ಒಂದರ ಮೇಲೊಂದು ಮಡಚಿಟ್ಟಿದ್ದೆ. ಮೂರೂ ಗೆಲ್ಲುವ ಕ್ಲಬ್‌ಗಳೇ, ಅದನ್ನು ಬೇರೆ ಹೇಳಬೇಕಾ? ಸೋತ ದಿನ ಟಿವಿ ಆಫ್ ಮಾಡಿ ಮಲಗುತ್ತಿದ್ದೆ. ಬೆಳಿಗ್ಗೆ ಅದರ ನೆನಪೂ ಇರುತ್ತಿರಲಿಲ್ಲ.

ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಅನ್ನೋ ಕ್ಲಬ್‌ನ ಹೆಸರು ತಲೆಯಲ್ಲಿ ಕೂತಿದ್ದು ಒಂದು ತಮಾಷೆಯಿಂದ. 2009ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಸಂಡರ್‌ಲ್ಯಾಂಡ್‌ನ ಡ್ಯಾರೆನ್ ಬೆಂಟ್ ಹೊಡೆದ ಚೆಂಡು, ಪ್ರೇಕ್ಷಕರ ಕಡೆಯಿಂದ ಬಂದು ಬಿದ್ದಿದ್ದ ಕೆಂಪು ಬೀಚ್ ಬಾಲ್‌ಗೆ ತಗುಲಿ ದಿಕ್ಕು ಬದಲಿಸಿ ಗೋಲಿನೊಳಗೆ ಹೋಯಿತು. ಪಾಪ, ಗೋಲ್‌ಕೀಪರ್ ತಬ್ಬಿಬ್ಬು. ನಿಯಮದ ಪ್ರಕಾರ ಅದು ಗೋಲ್ ಅಲ್ಲ, ಆಟ ನಿಲ್ಲಿಸಬೇಕಿತ್ತು. ಆದರೆ ರೆಫರಿ ಕೊಟ್ಟುಬಿಟ್ಟರು, ಪಂದ್ಯ 1-0ಕ್ಕೆ ಮುಗಿಯಿತು. ಆ ತುಣುಕನ್ನು ಎಷ್ಟು ಸಲ ನೋಡಿ ನಕ್ಕಿದ್ದೇನೋ ಲೆಕ್ಕವಿಲ್ಲ.

2018ರ ಏಪ್ರಿಲ್‌ನಲ್ಲಿ ಅದೇ ಬೆಂಟ್ ಮತ್ತೆ ಕಣ್ಣಿಗೆ ಬಿದ್ದ. ಈ ಸಲ ಎದುರಾಳಿ ಬರ್ಟನ್ ಆಲ್ಬಿಯನ್ ಜೆರ್ಸಿಯಲ್ಲಿ. ಸಂಡರ್‌ಲ್ಯಾಂಡ್ ತನ್ನದೇ ಮೈದಾನದಲ್ಲಿ 1-0 ಮುಂದಿತ್ತು. ಕೊನೆಯ ಕೆಲವು ನಿಮಿಷ ಇರುವಾಗ ಬೆಂಟ್ ಗೋಲ್ ಹೊಡೆದು ಸಮ ಮಾಡಿದ. ಇಂಜುರಿ ಟೈಮ್‌ನಲ್ಲಿ, ಅಂದರೆ ತೊಂಬತ್ತು ನಿಮಿಷದ ಮೇಲೆ ಕೊಡುವ ಕೆಲವು ನಿಮಿಷದಲ್ಲಿ, ಬರ್ಟನ್ ಇನ್ನೊಂದು ಹೊಡೆಯಿತು. ಅಲ್ಲಿಗೆ ಸಂಡರ್‌ಲ್ಯಾಂಡ್ ಮೂರನೇ ದರ್ಜೆಗೆ, ಅಂದರೆ ಲೀಗ್ ಒನ್‌ಗೆ, ಜಾರಿತು. ಹಿಂದಿನ ವರ್ಷವಷ್ಟೇ ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ನಿಂದ ಬಿದ್ದಿತ್ತು. ಒಂದು ಕಾಲದಲ್ಲಿ ನಗಿಸಿದವನೇ ಬಂದು ಆ ಊರಿನವರನ್ನು ಅಳಿಸಿ ಹೋದ. ನನಗೆ ಯಾಕೋ ನಗು ಬರಲಿಲ್ಲ.

ಒಂದು ಸೀಸನ್ ಪೂರ್ತಿ ಇವರನ್ನೇ ನೋಡ್ತೀನಿ ಅಂತ ತೀರ್ಮಾನ ಮಾಡಿದೆ. ಭಕ್ತಿಯಿಂದಲ್ಲ, ಕುತೂಹಲದಿಂದ. ಲೀಗ್ ಒನ್‌ನಲ್ಲಿ 46 ಪಂದ್ಯ. ನನಗೆ ನಾನೇ ಒಂದಿಷ್ಟು ಕಟ್ಟುಪಾಡು ಹಾಕಿಕೊಂಡೆ. ಹೈಲೈಟ್ಸ್ ಮಾತ್ರ ನೋಡಿ ಸುಮ್ಮನಾಗುವ ಹಾಗಿಲ್ಲ, ತೊಂಬತ್ತು ನಿಮಿಷವೂ ಕೂರಬೇಕು. ವಿಡಿಯೊ ಸಿಗದಿದ್ದರೆ ಕಾಮೆಂಟರಿ ಕೇಳಬೇಕು. ಪಂದ್ಯ ಮುಗಿದ ಮೇಲೆ ಒಂದು ನೋಟ್‌ಬುಕ್‌ನಲ್ಲಿ ಒಂದೇ ಒಂದು ಸಾಲು ಬರೆಯಬೇಕು: ಸ್ಕೋರು, ಗೋಲ್ ಹೊಡೆದವನು, ಎಷ್ಟನೇ ನಿಮಿಷ.

ಕಾಮೆಂಟರಿ ಕೇಳಿಕೊಂಡು ಫುಟ್‌ಬಾಲ್ ಅನುಭವಿಸೋದು ವಿಚಿತ್ರ. ಚೆಂಡು ಎಲ್ಲಿದೆ ಅಂತ ಕಾಣಲ್ಲ. ಹೇಳುವವನ ದನಿ ಏರಿತಾ, ಜನರ ಗದ್ದಲ ಜಾಸ್ತಿಯಾಯಿತಾ, ಅಷ್ಟೇ ಗೊತ್ತಾಗೋದು. ಎದುರಾಳಿ ಕಾರ್ನರ್ ತೆಗೆದುಕೊಳ್ಳುವಾಗ ನಾನು ಇಯರ್‌ಫೋನ್ ಅರ್ಧ ಕಿತ್ತು ಹಿಡಿದಿರುತ್ತಿದ್ದೆ, ಕೆಟ್ಟ ಸುದ್ದಿ ಸ್ವಲ್ಪ ಮೆಲ್ಲಗೆ ಬರಲಿ ಅಂತ.

ಆ ಸೀಸನ್ ಗೆಲುವಿನದ್ದೂ ಅಲ್ಲ, ಸೋಲಿನದ್ದೂ ಅಲ್ಲ. ಸೋತಿದ್ದು 5 ಪಂದ್ಯ ಮಾತ್ರ. ಡ್ರಾ ಮಾಡಿಕೊಂಡಿದ್ದು 19! ನೋಟ್‌ಬುಕ್ ತುಂಬ 1-1, 1-1, 1-1. ಗೆದ್ದರೆ ಕುಣಿಯಬಹುದು, ಸೋತರೆ ಬೈಯಬಹುದು. ಡ್ರಾ ಆದರೆ ಏನು ಮಾಡೋದು? ಸುಮ್ನೆ ಅಂಕಪಟ್ಟಿ ನೋಡುತ್ತಾ ಕೂರೋದು. ಪೈಪೋಟಿಯಲ್ಲಿದ್ದ ಲೂಟನ್ ಇವತ್ತಾದರೂ ಸೋತಿತಾ, ಬಾರ್ನ್‌ಸ್ಲಿ ಏನು ಮಾಡಿತು ಅಂತ ನೋಡೋದು. ನನಗೂ ಬಾರ್ನ್‌ಸ್ಲಿಗೂ ಯಾವ ಜನ್ಮದ ನಂಟು ಹೇಳಿ! ಈಗ ಅನ್ನಿಸುತ್ತೆ, ನನ್ನನ್ನು ಕಟ್ಟಿಹಾಕಿದ್ದು ಈ ಡ್ರಾಗಳೇ.

ಡಿಸೆಂಬರ್ 26ರಂದು ಬ್ರಾಡ್‌ಫರ್ಡ್ ಜೊತೆ ಪಂದ್ಯ. ಮೂರನೇ ದರ್ಜೆಯ ಆ ಪಂದ್ಯಕ್ಕೆ ಬಂದಿದ್ದವರು 46,000ಕ್ಕೂ ಹೆಚ್ಚು ಜನ. ಎರಡು ವರ್ಷದಲ್ಲಿ ಎರಡು ಸಲ ಬಿದ್ದ ತಂಡಕ್ಕೆ! ಇವರೆಲ್ಲ ಯಾಕೆ ಬಂದರು ಅಂತ ಯಾರನ್ನಾದರೂ ಕೇಳಿದ್ದರೆ, ಪ್ರಶ್ನೆಯೇ ಅರ್ಥವಾಗದ ಹಾಗೆ ನನ್ನ ಮುಖ ನೋಡುತ್ತಿದ್ದರೇನೋ.

ಜನವರಿಯಲ್ಲಿ ನನ್ನ ಪರೀಕ್ಷೆ ನಡೆಯಿತು. ಆ ಸೀಸನ್‌ನಲ್ಲಿ ನನಗೆ ತುಂಬ ಹಿಡಿಸಿದ್ದ ಹುಡುಗ ಜಾಶ್ ಮಾಜಾ. ಲೀಗ್‌ನಲ್ಲಿ ಆಗಲೇ 15 ಗೋಲ್ ಹೊಡೆದಿದ್ದ. ಅವನನ್ನು ಫ್ರಾನ್ಸ್‌ನ ಬೋರ್ಡೋ ಕ್ಲಬ್‌ಗೆ ಮಾರಿಬಿಟ್ಟರು. ಹಳೇ ನಾನಾಗಿದ್ದರೆ ಆ ವಾರವೇ ಬೋರ್ಡೋ ಪಂದ್ಯಗಳ ಪಟ್ಟಿ ಹುಡುಕುತ್ತಿದ್ದೆ. ಈ ಸಲ ಮೊದಲು ಬಂದ ಯೋಚನೆ, ‘ಅಯ್ಯೋ, ಇನ್ನು ನಮಗೆ ಗೋಲ್ ಯಾರು ಹೊಡೀತಾರೆ?’

ನಮಗೆ! ಆ ಪದ ಬಾಯಿಂದ ಯಾವಾಗ ಹೊರಟಿತೋ ನನಗೇ ಗೊತ್ತಾಗಲಿಲ್ಲ.

ಮೇ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಪ್ಲೇಆಫ್ ಫೈನಲ್, ಚಾರ್ಲ್ಟನ್ ವಿರುದ್ಧ. ಗೆದ್ದವರಿಗೆ ಎರಡನೇ ದರ್ಜೆಗೆ ಬಡ್ತಿ. ಐದನೇ ನಿಮಿಷಕ್ಕೇ ಅವರ ಡಿಫೆಂಡರ್ ತಮ್ಮ ಗೋಲ್‌ಕೀಪರ್‌ಗೆ ಕೊಟ್ಟ ಹಿಂಪಾಸು ನೇರ ಗೋಲಿನೊಳಗೆ ಉರುಳಿತು. ಬೀಚ್ ಬಾಲ್ ನೆನಪಾಯಿತು. ಈ ಕ್ಲಬ್‌ಗೆ ಪುಕ್ಕಟೆ ಗೋಲುಗಳ ಯೋಗವಿದೆ ಅಂದುಕೊಂಡೆ. ಆಮೇಲೆ 1-1. ಸರಿ, ಇನ್ನರ್ಧ ಗಂಟೆಯ ಎಕ್ಸ್‌ಟ್ರಾ ಟೈಮ್‌ಗೆ ಹೋಗುತ್ತೆ ಅಂತ ಎದ್ದು ನಿಂತಿದ್ದೆ. 94ನೇ ನಿಮಿಷದಲ್ಲಿ ಪ್ಯಾಟ್ರಿಕ್ ಬೌಅರ್ ಚೆಂಡನ್ನು ಒಳಗೆ ತಳ್ಳಿದ. ಮುಗೀತು. ಆ ರಾತ್ರಿ ನೋಟ್‌ಬುಕ್ ತೆಗೆಯಲಿಲ್ಲ. ಎರಡು ದಿನ ಬಿಟ್ಟು ಬರೆದೆ. ಅಕ್ಷರ ಸೊಟ್ಟಗಿದೆ.

ಒಂದು ಸೀಸನ್ ಅಂದಿದ್ದೆ, ಮುಗಿದಿತ್ತು. ಬಿಟ್ಟುಬಿಡಬಹುದಿತ್ತು. ಆದರೆ ಆಗಸ್ಟ್ ಬಂದಾಗ ಹೊಸ ನೋಟ್‌ಬುಕ್ ತಂದಿದ್ದೆ. ಆಮೇಲಿನ ವರ್ಷ ಇನ್ನೂ ಹೀನಾಯ. ಕೋವಿಡ್‌ನಿಂದ ಲೀಗ್ ಅರ್ಧಕ್ಕೇ ನಿಂತು, ಎಂಟನೇ ಸ್ಥಾನ, ಕ್ಲಬ್‌ನ ಇತಿಹಾಸದಲ್ಲೇ ಅತಿ ಕೆಳಗೆ. 2021ರ ಮಾರ್ಚ್‌ನಲ್ಲಿ ಟ್ರಾನ್‌ಮಿಯರ್ ತಂಡವನ್ನು 1-0 ಸೋಲಿಸಿ, ಕೆಳ ದರ್ಜೆಯ ಕ್ಲಬ್‌ಗಳ ಕಪ್ ಆದ ಇಎಫ್‌ಎಲ್ ಟ್ರೋಫಿ ಗೆದ್ದೆವು. 1973ರಲ್ಲಿ ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದ ಮೇಲೆ ವೆಂಬ್ಲಿಯಲ್ಲಿ ಮೊದಲ ಗೆಲುವು. 48 ವರ್ಷ ಕಾದ ಜನಕ್ಕೆ ಕೊನೆಗೂ ಗೆಲುವು ಬಂದಾಗ ಮೈದಾನದಲ್ಲಿ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಎಲ್ಲರೂ ನನ್ನ ಹಾಗೆ ಮನೆಯಲ್ಲಿ ಕೂತು ನೋಡಿದರು. ಅವತ್ತೊಂದು ದಿನ ಅವರೂ ನಾನೂ ಒಂದೇ.

ಇದನ್ನು ಹೇಳಲು ಕಾರಣವಿದೆ. ‘ನೀನು ಒಂದು ಸಲವೂ ಆ ಮೈದಾನಕ್ಕೆ ಕಾಲಿಟ್ಟಿಲ್ಲ, ನಿನ್ನದೆಂಥ ಅಭಿಮಾನ?’ ಅಂತ ಒಬ್ಬ ಗೆಳೆಯ ನನ್ನ ಮುಖಕ್ಕೇ ಕೇಳಿದ್ದ. ಉರಿದುಹೋಗಿತ್ತು. ಈಗ ಅವನ ಮಾತನ್ನು ಅರ್ಧ ಒಪ್ಪುತ್ತೇನೆ. ಚಳಿಯಲ್ಲಿ, ಮಳೆಯಲ್ಲಿ, ಬಸ್ಸಿನಲ್ಲಿ ಐದಾರು ಗಂಟೆ ಕೂತು ಹೋಗಿ, 0-0 ನೋಡಿ ವಾಪಸ್ ಬರುವವರಿಗೂ ನನಗೂ ಸಮ ಇಲ್ಲ. ಅವರದು ಒಂದು ಕೈ ಮೇಲು. ಒಪ್ಪದಿರುವುದು ಇನ್ನರ್ಧವನ್ನು. ಹುಟ್ಟಿದ ಊರು ಅಂತ ಕ್ಲಬ್ ಹಿಡಿದವನಿಗೆ ಆಯ್ಕೆಯೇ ಇರಲಿಲ್ಲ. ನನಗೆ ಪ್ರತಿ ಶನಿವಾರವೂ ಬಿಟ್ಟುಹೋಗುವ ಅವಕಾಶ ಇತ್ತು.

ಇನ್ನು ಕ್ವಿಜ್ ಮಾಡಿ ಅಭಿಮಾನ ಅಳೆಯುವವರು. ನಾನೂ 1973ರ ಫೈನಲ್ ಬಾಯಿಪಾಠ ಮಾಡಿದವನೇ: ಎರಡನೇ ದರ್ಜೆಯ ತಂಡ ಲೀಡ್ಸ್‌ಗೆ ಮಣ್ಣು ಮುಕ್ಕಿಸಿದ್ದು, ಇಯಾನ್ ಪೋರ್ಟರ್‌ಫೀಲ್ಡ್ ಗೋಲು, ಜಿಮ್ ಮಾಂಟ್‌ಗಮರಿ ಬೆನ್ನುಬೆನ್ನಿಗೆ ತಡೆದ ಎರಡು ಹೊಡೆತ. ಎರಡು ಸಂಜೆ ಸಾಕು ಕಲಿಯಲು. 19 ಡ್ರಾ ನೋಡಲು ಒಂಬತ್ತು ತಿಂಗಳು ಬೇಕು.

ಕ್ಲಬ್ ಮಾಡಿದ್ದಕ್ಕೆಲ್ಲ ತಲೆಯಾಡಿಸೋದೂ ಅಭಿಮಾನವಲ್ಲ. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ದೊಡ್ಡ ಕ್ಲಬ್‌ಗಳು ಸೇರಿ ತಮ್ಮದೇ ಪ್ರತ್ಯೇಕ ಸೂಪರ್ ಲೀಗ್ ಘೋಷಿಸಿದಾಗ ಬೀದಿಗಿಳಿದವರಲ್ಲಿ ಆ ಕ್ಲಬ್‌ಗಳ ಸ್ವಂತ ಅಭಿಮಾನಿಗಳೇ ಇದ್ದರು. ಇಂಗ್ಲೆಂಡಿನ ಆರೂ ಕ್ಲಬ್‌ಗಳು ಎರಡು ಮೂರು ದಿನದೊಳಗೆ ಹಿಂದೆ ಸರಿದವು. ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್‌ನವರದ್ದಂತೂ ಇನ್ನೊಂದು ಲೆವೆಲ್. ತಮ್ಮ ಕ್ಲಬ್ಬನ್ನು ಬೇರೆ ಊರಿಗೆ ಸಾಗಿಸಲು ಒಪ್ಪಿಗೆ ಸಿಕ್ಕಾಗ, 2002ರಲ್ಲಿ ಅಭಿಮಾನಿಗಳೇ ಹೊಸ ಕ್ಲಬ್ ಕಟ್ಟಿದರು. ಒಂಬತ್ತನೇ ದರ್ಜೆಯಿಂದ ಶುರುಮಾಡಿ 2011ಕ್ಕೆ ಫುಟ್‌ಬಾಲ್ ಲೀಗ್, ಅಂದರೆ ನಾಲ್ಕನೇ ದರ್ಜೆ, ತಲುಪಿದರು. ನನ್ನ ನೋಟ್‌ಬುಕ್ ಅದರ ಮುಂದೆ ಯಾವ ಲೆಕ್ಕ!

2022ರಲ್ಲಿ ಲೀಗ್ ಒನ್‌ನಿಂದ ಮೇಲೆ ಬಂದೆವು. 2025ರ ಮೇನಲ್ಲಿ ಮತ್ತೆ ವೆಂಬ್ಲಿ, ಮತ್ತೆ ಪ್ಲೇಆಫ್ ಫೈನಲ್, ಶೆಫೀಲ್ಡ್ ಯುನೈಟೆಡ್ ವಿರುದ್ಧ. ಗೆದ್ದರೆ ಪ್ರೀಮಿಯರ್ ಲೀಗ್. ಮತ್ತೆ 1-1, ಮತ್ತೆ ಇಂಜುರಿ ಟೈಮ್. ಈ ಸಲ ನಾನು ಎದ್ದು ನಿಲ್ಲಲಿಲ್ಲ. ಚಾರ್ಲ್ಟನ್ ಪಂದ್ಯದಲ್ಲಿ ಎದ್ದಿದ್ದಕ್ಕೇ ಸೋತೆವು ಅನ್ನೋ ಗುಮಾನಿ ನನಗಿನ್ನೂ ಹೋಗಿಲ್ಲ. 95ನೇ ನಿಮಿಷದಲ್ಲಿ ಟಾಮ್ ವಾಟ್ಸನ್ ಪೆನಾಲ್ಟಿ ಏರಿಯಾದ ಹೊರಗಿನಿಂದ ಮೂಲೆಗೆ ಹೊಡೆದ. 2-1.

ವಾಟ್ಸನ್‌ಗೆ ಆಗ 19 ವರ್ಷ. ಫೈನಲ್‌ಗೆ ಮೊದಲೇ ಬ್ರೈಟನ್‌ಗೆ ಹೋಗುವುದು ನಿಕ್ಕಿಯಾಗಿತ್ತು. ಹೊರಟು ನಿಂತವನನ್ನು ಯಾಕೆ ಆಡಿಸ್ತಾರೆ ಅಂತ ಗೊಣಗಿದವರಲ್ಲಿ ನಾನೂ ಒಬ್ಬ.

ನೋಟ್‌ಬುಕ್ ತೆಗೆದೆ. ‘2-1, ವಾಟ್ಸನ್, 95’ ಅಂತ ಬರೆದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ‘ಹೋಗಿ ಬಾರಪ್ಪ’.