ತೂಕಕ್ಕಿಂತ ಮೊದಲು ಇಳಿದದ್ದು ಉರಿಯೂತ

ಆ ಹುಡುಗನ ಕತ್ತಿನ ಹಿಂಭಾಗ ತರಚಿ ಕೆಂಪಾಗಿತ್ತು. ವಯಸ್ಸು 11. ಕತ್ತಿನ ಸುತ್ತ ಕಪ್ಪು ಪಟ್ಟಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ. ಅದು ಕೊಳೆ ಅಂದುಕೊಂಡು ಅಮ್ಮ ದಿನಾ ಸ್ನಾನ ಮಾಡಿಸುವಾಗ ಒರಟು ಬಟ್ಟೆಯಲ್ಲಿ ಉಜ್ಜುತ್ತಿದ್ದರು. "ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ ಡಾಕ್ಟ್ರೇ" ಎಂದರು. ಹುಡುಗ ತಲೆ ಎತ್ತಲಿಲ್ಲ.

ಅದು ಕೊಳೆಯಲ್ಲ. ಇನ್ಸುಲಿನ್ ಹೇಳಿದ್ದನ್ನು ದೇಹ ಸರಿಯಾಗಿ ಕೇಳದೆ ಹೋದಾಗ ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾಗುತ್ತದೆ. ಆಗ ಚರ್ಮ ಹೀಗೆ ದಪ್ಪವಾಗಿ ಕಪ್ಪಾಗುತ್ತದೆ. ಮಕ್ಕಳ ವೈದ್ಯೆಯಾಗಿ ಬೊಜ್ಜಿರುವ ಮಗು ಬಂದರೆ ನಾನು ಮೊದಲು ನೋಡುವುದೇ ಕತ್ತನ್ನು.

ಅವತ್ತು ನಾನೊಂದು ತಪ್ಪು ಮಾಡಿದೆ. ಬೊಜ್ಜಿನಿಂದ ದೇಹದೊಳಗೆ ಉರಿಯೂತ ಎಷ್ಟಿದೆ ನೋಡೋಣ ಅಂತ ಕೂಡಲೇ ಸಿಆರ್‌ಪಿ ರಕ್ತಪರೀಕ್ಷೆ ಬರೆದುಕೊಟ್ಟೆ. ಸಿಆರ್‌ಪಿ ಅಂದರೆ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಲೀಟರಿಗೆ 14 ಮಿಲಿಗ್ರಾಂ ಬಂತು. ಮನೆಯವರು ಗಾಬರಿಯಾದರು. ಆಮೇಲೆ ವಿಚಾರಿಸಿದರೆ ಹಿಂದಿನ ವಾರವಷ್ಟೇ ಹುಡುಗನಿಗೆ ಜ್ವರ, ಗಂಟಲು ನೋವು. ಮೊದಲೇ ಕೇಳಬೇಕಿತ್ತು. ಸಿಆರ್‌ಪಿ 10 ದಾಟಿದರೆ ಸಾಮಾನ್ಯವಾಗಿ ಅದರ ಹಿಂದೆ ಯಾವುದಾದರೂ ಸೋಂಕು ಇರುತ್ತದೆ. ಹುಳುಕು ಹಲ್ಲು, ಊದಿದ ವಸಡು ಕೂಡ ಅದನ್ನು ಏರಿಸಬಹುದು. ಎರಡು ವಾರ ಬಿಟ್ಟು ಮತ್ತೆ ಮಾಡಿಸಿದಾಗ 4.6 ಇತ್ತು. ದೊಡ್ಡವರ ಹೃದಯದ ಲೆಕ್ಕದಲ್ಲಿ 1ಕ್ಕಿಂತ ಕಡಿಮೆ ಒಳ್ಳೆಯದು, 3 ದಾಟಿದರೆ ಜಾಸ್ತಿ. ಈ ಗೆರೆಗಳನ್ನು ಮಕ್ಕಳಿಗೆ ಹಾಗೇ ಹಾಕಲು ಬರುವುದಿಲ್ಲ. ಆದರೆ ಅದೇ ಮಗುವಿನ ಲೆಕ್ಕ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ನೋಡಬಹುದು.

"ಜ್ವರ ಇಲ್ಲ, ನೋವಿಲ್ಲ, ಉರಿಯೂತ ಹೇಗೆ?" ಅಂತ ಅಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ಮಂಡಿ ತರಚಿದಾಗ ಊದಿ, ಬಿಸಿಯಾಗಿ, ನಾಲ್ಕು ದಿನದಲ್ಲಿ ವಾಸಿಯಾಗುತ್ತದೆ ಅಲ್ವಾ, ಆ ಉರಿಯೂತ ಬೇಕು. ಇದು ಹಾಗಲ್ಲ. ಒಲೆ ಆರಿಸುವುದನ್ನೇ ಮರೆತ ಹಾಗೆ ಸಣ್ಣ ಉರಿಯಲ್ಲಿ ಉರಿಯುತ್ತಲೇ ಇರುತ್ತದೆ. ಕೊಬ್ಬು ಅಂದರೆ ಬರೀ ಉಗ್ರಾಣ ಅಂತ ಮೊದಲು ತಿಳಿದಿದ್ದರು. 1993ರಲ್ಲಿ ಬೊಜ್ಜಿನ ಇಲಿಗಳ ಕೊಬ್ಬೇ ಟಿಎನ್‌ಎಫ್ ಎಂಬ ಉರಿಯೂತದ ವಸ್ತುವನ್ನು ಸುರಿಸುತ್ತದೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ ಎಂದು ಗೊತ್ತಾಯಿತು. 2003ರಲ್ಲಿ, ಉಬ್ಬಿದ ಕೊಬ್ಬಿನೊಳಗೆ ದೇಹವನ್ನು ಕಾಯುವ ಮ್ಯಾಕ್ರೋಫೇಜ್ ಕೋಶಗಳು ಬಂದು ತುಂಬಿಕೊಳ್ಳುವುದು ಕಂಡಿತು. ಅಲ್ಲಿಂದ ಹೊರಡುವ ಐಎಲ್-6 ಎಂಬ ಸಂದೇಶ ಒಯ್ಯುವ ಪ್ರೋಟೀನ್ ಲಿವರಿಗೆ ಹೋಗುತ್ತದೆ, ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಇದರಲ್ಲಿ ಮುಂದು. ಅದಕ್ಕೇ ನಾನು ತೂಕದ ಜೊತೆ ಸೊಂಟದ ಸುತ್ತಳತೆ ಬರೆದುಕೊಳ್ಳುತ್ತೇನೆ. ಅದು ಎತ್ತರದ ಅರ್ಧ ದಾಟಬಾರದು.

ಕ್ಯಾಲೊರಿ ಪಟ್ಟಿ ಬರೆದುಕೊಡುವುದನ್ನು ನಾನು ಎಂದೋ ಬಿಟ್ಟೆ. ಎರಡು ವಾರ ಫ್ರಿಜ್ ಮೇಲೆ ಅಂಟಿರುತ್ತದೆ, ಆಮೇಲೆ ಯಾರೂ ನೋಡುವುದಿಲ್ಲ. ಮೊದಲು ಕೈ ಹಾಕಿದ್ದು ಸಿಹಿ ಪಾನೀಯಕ್ಕೆ. ಹುಡುಗ ದಿನಕ್ಕೆ ಎರಡು ದೊಡ್ಡ ಲೋಟ ಕುಡಿಯುತ್ತಿದ್ದ. ಜೊತೆಗೆ "ಆರೋಗ್ಯಕ್ಕೆ ಒಳ್ಳೇದು" ಅಂತ ಹಣ್ಣಿನ ರಸ ಬೇರೆ. ರಸದ ಸಕ್ಕರೆಯೂ ಸಕ್ಕರೆಯೇ. ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು 10% ಒಳಗಿರಬೇಕು, 5% ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. "ಅವನಿಗೆ ಬೇಡ ಅನ್ನಬೇಡಿ, ಮನೆಗೇ ತರಬೇಡಿ" ಎಂದೆ. ಇವೆರಡಕ್ಕೂ ಬಹಳ ವ್ಯತ್ಯಾಸ ಇದೆ. ಎಲ್ಲರ ಮುಂದೆ ಒಂದು ಮಗುವಿಗೆ ಮಾತ್ರ ಬೇರೆ ತಟ್ಟೆ ಹಾಕಿದರೆ ಅದು ಊಟವಲ್ಲ, ಶಿಕ್ಷೆ.

ಆಮೇಲೆ ನಾರಿನಂಶ. ತಟ್ಟೆಯಲ್ಲಿ ಅರ್ಧ ತರಕಾರಿ, ಜೊತೆಗೆ ಬೇಳೆಕಾಳು, ಪಾಲಿಶ್ ಮಾಡದ ಧಾನ್ಯ, ರಸದ ಬದಲು ಇಡೀ ಹಣ್ಣು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ನಾರೇ ಊಟ. ಅದನ್ನು ತಿಂದು ಅವು ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಮಾಡುತ್ತವೆ, ಅದು ಕರುಳಿನ ಗೋಡೆಯನ್ನು ಗಟ್ಟಿಯಾಗಿಡುತ್ತದೆ. ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರಿ ಉರಿಯೂತವನ್ನು ಕೆದಕುತ್ತವೆ. "ಉರಿಯೂತ ಇಳಿಸೋ ಪುಡಿ ಏನಾದ್ರೂ ಇದೆಯಾ?" ಅಂತ ಅಜ್ಜಿ ಕೇಳಿದರು. ನಾನು ಯಾವ ಮಗುವಿಗೂ ಅಂಥದ್ದನ್ನು ಬರೆದುಕೊಟ್ಟಿಲ್ಲ.

ವ್ಯಾಯಾಮದ ವಿಷಯಕ್ಕೆ ಬಂದಾಗ ಹುಡುಗನ ಮುಖ ಬಾಡಿತು. ಶಾಲೆಯ ಓಟದಲ್ಲಿ ಪ್ರತಿ ಸಲ ಅವನೇ ಕೊನೆಯಂತೆ. ಹಾಗಾಗಿ ಓಟದ ಮಾತೇ ಎತ್ತಲಿಲ್ಲ. ದಪ್ಪ ಮಕ್ಕಳ ಸ್ನಾಯುಗಳು ಎಷ್ಟೋ ಸಲ ವಾರಗೆಯವರಿಗಿಂತ ಗಟ್ಟಿ, ಆ ಭಾರವನ್ನು ಅವು ದಿನವಿಡೀ ಹೊತ್ತಿರುತ್ತವೆ. ನನ್ನ ಕೋಣೆಯಲ್ಲಿ ನೀರಿನ ಬಾಟಲಿ ತುಂಬಿದ ಒಂದು ಚೀಲ ಇದೆ. ಜೊತೆಗೆ ಬಂದಿದ್ದ ಅವನ ಅಣ್ಣನಿಗೆ ಎತ್ತಲು ಹೇಳಿದೆ. ಅವನು 6 ಸಲ ಎತ್ತಿ ಇಳಿಸಿದ. ಇವನು 15 ಸಲ. ಮೊದಲ ಬಾರಿ ನನ್ನ ಮುಖ ನೋಡಿದ್ದು ಆಗಲೇ.

ವಾರಕ್ಕೆ ಮೂರು ದಿನ ಇಂಥ ಸ್ನಾಯು ಕೆಲಸ. ಉಳಿದಂತೆ ಹತ್ತು ಹತ್ತು ನಿಮಿಷದ ಚುರುಕು ನಡಿಗೆ, ಆಟ, ಕುಣಿತ. ದಿನಕ್ಕೆ ಸರಾಸರಿ 60 ನಿಮಿಷ ಮುಟ್ಟುವುದು ಗುರಿ. ರಾತ್ರಿ ಊಟದ ನಂತರ ಅಪ್ಪನೂ ಜೊತೆಗೆ ನಡೆದರು. ವಿಚಿತ್ರ ಏನೆಂದರೆ ದುಡಿಯುವ ಸ್ನಾಯುವೂ ಅದೇ ಐಎಲ್-6 ಬಿಡುತ್ತದೆ. ಆದರೆ ಸ್ವಲ್ಪ ಹೊತ್ತು ಮಾತ್ರ. ಅದರ ಬೆನ್ನಿಗೇ ಉರಿಯೂತ ತಣಿಸುವ ಐಎಲ್-10 ಏರುತ್ತದೆ. ಕೊಬ್ಬಿನಿಂದ ಹಗಲು ರಾತ್ರಿ ಬಂದರೆ ತೊಂದರೆ, ಸ್ನಾಯುವಿನಿಂದ ಬಂದು ಹೋದರೆ ಲಾಭ. ರಾತ್ರಿಯ ನಿದ್ದೆಯನ್ನೂ ಒಟ್ಟು 9 ಗಂಟೆಯಷ್ಟಕ್ಕೆ ತಂದೆವು. ಮಲಗುವ ಕೋಣೆಯಿಂದ ಮೊಬೈಲ್ ಹೊರಗೆ ಹೋದ ಮೇಲೆ ಅದು ತಾನಾಗೇ ಆಯಿತು.

ಮೂರು ತಿಂಗಳಾದ ಮೇಲೆ ಬಂದರು. ತೂಕ ಅಷ್ಟೇ ಇತ್ತು. ಅಪ್ಪ ನಿಟ್ಟುಸಿರು ಬಿಟ್ಟರು, "ಇಷ್ಟೆಲ್ಲ ಮಾಡಿ ಏನು ಬಂತು?" ಟೇಪ್ ತೆಗೆದೆ. ಸೊಂಟ 4 ಸೆಂಟಿಮೀಟರ್ ಇಳಿದಿತ್ತು, ಎತ್ತರ ಒಂದೂವರೆ ಸೆಂಟಿಮೀಟರ್ ಏರಿತ್ತು. ಬೆಳೆಯುವ ಮಗುವಿನ ತೂಕ ನಿಂತಲ್ಲೇ ನಿಂತರೂ ಅದು ಮುನ್ನಡೆಯೇ. ಸಿಆರ್‌ಪಿ 2.3. ನೆಗಡಿ, ಹಲ್ಲುನೋವು ಏನೂ ಇಲ್ಲ ಅಂತ ಈ ಸಲ ಮೊದಲೇ ಕೇಳಿದ್ದೆ.

ಎಲ್ಲ ಮಕ್ಕಳಲ್ಲೂ ಹೀಗೇ ಆಗುವುದಿಲ್ಲ. ಊಟ ಬದಲಿಸದೆ ಬರೀ ಆಟ ಹೆಚ್ಚಿಸಿದ ಮಕ್ಕಳಲ್ಲಿ ಸಿಆರ್‌ಪಿ ಅಷ್ಟಾಗಿ ಕದಲದೆ ಇರುವುದನ್ನೂ ನೋಡಿದ್ದೇನೆ. ಅವರಿಗೆ ಉಸಿರು, ನಿದ್ದೆ, ಮನಸ್ಸು ಸುಧಾರಿಸುತ್ತದೆ, ಹಾಗಾಗಿ ಆಟ ನಿಲ್ಲಿಸಿ ಅನ್ನುವುದಿಲ್ಲ. ಎರಡೂ ಸೇರಿ ಹೊಟ್ಟೆಯ ಕೊಬ್ಬು ಕರಗಿದಾಗಲೇ ಲೆಕ್ಕ ಚೆನ್ನಾಗಿ ಇಳಿಯುತ್ತದೆ. ಈ ಹುಡುಗನೂ ಪರೀಕ್ಷೆ ಸಮಯದಲ್ಲಿ ಒಂದೂವರೆ ತಿಂಗಳು ಎಲ್ಲ ಬಿಟ್ಟ. ಸೊಂಟ ಮತ್ತೆ ಸ್ವಲ್ಪ ಏರಿತು. ನಾನು ಬಯ್ಯಲಿಲ್ಲ, ನಡಿಗೆಯಿಂದ ಮತ್ತೆ ಶುರು ಮಾಡಿಸಿದೆ.

ವರ್ಷ ತುಂಬುವ ಹೊತ್ತಿಗೆ ಬಂದವನು ಕುರ್ಚಿಯಲ್ಲಿ ಕೂರುವ ಮೊದಲೇ ನನಗೆ ಬೆನ್ನು ತಿರುಗಿಸಿ, ಕಾಲರ್ ಕೆಳಗೆ ಎಳೆದು, ಕತ್ತು ಬಗ್ಗಿಸಿ ನಿಂತ. ಕಪ್ಪು ಪಟ್ಟಿ ಪೂರ್ತಿ ಹೋಗಿರಲಿಲ್ಲ, ಆದರೆ ತೆಳುವಾಗಿತ್ತು. ತರಚಿದ ಗುರುತು ಒಂದೂ ಇರಲಿಲ್ಲ. "ಅಮ್ಮ ಉಜ್ಜೋದು ಬಿಟ್ಟಿದ್ದಾರೆ" ಎಂದ.